ನೋಟಿಸು ಅಂಟಿದ ಮನೆ

ವಿಜಯಪುರ, 19 ಜೂನ್ 2025, ಗುರುವಾರ

ನಾವು ಕೊಳ್ಳಬೇಕೆಂದಿರುವ, ಸೋಲಾಪುರ ರಸ್ತೆಯ ಕಡೆಯ ಮನೆಯನ್ನು ಇಂದು ಎರಡನೆಯ ಸಲ ನೋಡಿ ಬಂದೆವು. ಬಾಗಿಲಿಗೆ ಬ್ಯಾಂಕಿನವರು ಅಂಟಿಸಿದ ಸ್ವಾಧೀನದ ನೋಟಿಸನ್ನು ಯಾರೋ ಉಗುರಿನಿಂದ ಕೆರೆದು ಕೀಳಲು ನೋಡಿದ್ದಾರೆ. ಸಾಲದ ಮೊತ್ತವಿರುವ ಸಾಲು ಮಾತ್ರ ಹಾಗೆಯೇ ಉಳಿದಿದೆ. ಬ್ಯಾಂಕು ಪಡೆದಿರುವುದು ಸಾಂಕೇತಿಕ, ಅಂದರೆ ಕಾಗದದ ಮೇಲಿನ ಸ್ವಾಧೀನವಷ್ಟೇ ಆದ್ದರಿಂದ ಮನೆಯವರು ಇನ್ನೂ ಒಳಗೇ ಇದ್ದಾರೆ. ಚಹಾ ತಂದಿಟ್ಟ ಕಾಕೂ ಅವರ ಮುಖ ನೋಡಲು ನನಗೇ ಸಂಕೋಚವಾಯಿತು.

ಹರಾಜಿಗೆ ಹೋದರೆ ಮನೆ ಅಗ್ಗಕ್ಕೆ ಹೋಗುತ್ತದೆ, ಅದಕ್ಕೂ ಮೊದಲು ನಾವು ಕೊಂಡರೆ ಸಾಲ ತೀರಿ ಕೈಯಲ್ಲಿ ನಾಲ್ಕು ಕಾಸು ಉಳಿಯುತ್ತದೆ ಎಂಬುದು ಮಾಲೀಕರಾದ ಕಾಕಾ ಅವರ ಲೆಕ್ಕ. "ಸಂಚಕಾರದ ರೊಕ್ಕ ನನ್ನ ಕೈಯಾಗ ಕೊಡ್ರಿ, ಬ್ಯಾಂಕಿಗೆ ನಾನ ಕಟ್ಟತೀನ್ರಿ" ಎಂದು ಮುಂಗಡ ಕೇಳಿದರು. ಅವರು ಮೋಸಗಾರರಲ್ಲ, ಆದರೆ ಊರೆಲ್ಲ ಕೈಗಡ ಮಾಡಿಕೊಂಡವರ ಕೈ ಸೇರಿದ ಹಣ ಬ್ಯಾಂಕಿನ ಕೌಂಟರಿನವರೆಗೆ ಉಳಿಯುವುದು ಕಷ್ಟ.

ಮಧ್ಯಾಹ್ನ ವಕೀಲರು ವಿಷಯವನ್ನು ಬಿಡಿಸಿ ಹೇಳಿದರು. ಸಾಲ ತೀರದಿದ್ದರೆ ಅಡವಿಟ್ಟ ಆಸ್ತಿಯನ್ನು ಬ್ಯಾಂಕು ವಶಪಡಿಸಿಕೊಂಡು ಮಾರಲು ಅವಕಾಶ ಕೊಡುವ 2002ರ ಸರ್ಫೇಸಿ ಕಾಯ್ದೆಯ 13(2)ನೇ ಕಲಮಿನಡಿ 60 ದಿನಗಳ ನೋಟಿಸು ಕೈಸೇರಿದ ಮೇಲೆ, 13(13)ನೇ ಕಲಮಿನಂತೆ, ಬ್ಯಾಂಕಿನಿಂದ ಮೊದಲೇ ಲಿಖಿತ ಒಪ್ಪಿಗೆ ಪಡೆಯದೆ ಸಾಲಗಾರರು ಅಡವಿಟ್ಟ ಮನೆಯನ್ನು ಮಾರುವಂತಿಲ್ಲ. ಆ ಪತ್ರವಿಲ್ಲದೆ ಬರೆಸಿಕೊಂಡ ಸಂಚಕಾರ ಪತ್ರವನ್ನು ನಂಬಿ ಹಣ ಕೊಟ್ಟರೆ ನಾವೇ ಹೊಣೆ. ಇನ್ನೊಂದು ಗಡುವೂ ಇದೆ: 2016ರ ತಿದ್ದುಪಡಿಯ ನಂತರ, ಹರಾಜಿನ ಪ್ರಕಟಣೆ ಹೊರಬೀಳುವ ಮೊದಲೇ ಬಾಕಿಯನ್ನು ಖರ್ಚುಸಹಿತ ಪೂರ್ತಿ ಕಟ್ಟಿದರಷ್ಟೇ ಮನೆ ಬಿಡಿಸಿಕೊಳ್ಳುವ ಹಕ್ಕು ಉಳಿಯುತ್ತದೆ, 2023ರಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿಹಿಡಿದಿದೆ.

ಹಾಗಾದರೆ ಹರಾಜಿನಲ್ಲೇ ಕೊಳ್ಳೋಣ ಎಂದಳು ನನ್ನ ಹೆಂಡತಿ. ಅಲ್ಲಿ ಕೂಗು ನಮ್ಮದಾದರೆ ಅಂದೇ ಅಥವಾ ಮುಂದಿನ ಕೆಲಸದ ದಿನದೊಳಗೆ ಶೇ 25ರಷ್ಟು ಹಣ ಕಟ್ಟಬೇಕು, ಮಾರಾಟ ಖಾಯಂ ಆದ 15 ದಿನಗಳಲ್ಲಿ ಉಳಿದದ್ದನ್ನು ತುಂಬಬೇಕು; ನಮ್ಮ ಗೃಹಸಾಲ ಅಷ್ಟು ಬೇಗ ಮಂಜೂರಾಗುವುದಿಲ್ಲ. ಮೇಲಾಗಿ, ಚಹಾ ಕೊಟ್ಟವರನ್ನು ಹೊರಗೆ ಹಾಕಿಸಿ ಒಳಗೆ ಹೋಗುವುದು ನನ್ನಿಂದಾಗದು.

ಆದ್ದರಿಂದ ನಾಳೆ ಬ್ಯಾಂಕಿಗೆ ಹೋಗುತ್ತೇವೆ. ಇಂದಿನವರೆಗಿನ ಬಾಕಿಯ ಪತ್ರ ಮತ್ತು ಮಾರಾಟಕ್ಕೆ ಒಪ್ಪಿಗೆ ಕೇಳಬೇಕು; ಹಣವನ್ನು ನೇರವಾಗಿ ಸಾಲದ ಖಾತೆಗೇ ಡಿಡಿಯಲ್ಲಿ ಕೊಡುತ್ತೇವೆ ಎಂದು ತಿಳಿಸಬೇಕು; ಮೂಲ ಕಾಗದಪತ್ರ ಯಾವಾಗ ಸಿಗುತ್ತವೆ, ಉತಾರದ (ಆಸ್ತಿಯ ದಾಖಲೆಯ) ಮೇಲಿನ ಬೋಜಾ, ಅಂದರೆ ಸಾಲದ ನಮೂದು, ಯಾವಾಗ ಇಳಿಯುತ್ತದೆ ಎಂಬುದನ್ನೂ ಬರೆಸಿಕೊಳ್ಳಬೇಕು. ಬೇರೆಯವರ ಖಾತೆಯ ವಿವರವನ್ನು ಬ್ಯಾಂಕು ನಮಗೆ ಹೇಳುವುದಿಲ್ಲವಾದ್ದರಿಂದ ಕಾಕಾ ಜೊತೆಗೇ ಬರಬೇಕು.

ರಾತ್ರಿ ಕಾಕಾ ಅವರಿಗೆ ಫೋನು ಮಾಡಿ ತಿಳಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮ ಮುಂದನ ಎಲ್ಲಾ ಲೆಕ್ಕ ಓದತಾರೇನ್ರಿ?" ಎಂದು ಕೇಳಿದರು. ಹೌದೆಂದೆ. ಹತ್ತೂವರೆಗೆ ಬರುತ್ತಾರಂತೆ.