ಹಳೇ ಪೈಪಿನ ತುಂಡು

ಇವತ್ತು ನಮ್ಮ ಬೀದಿ ಅಗೆದು ಹಳೇ ಬೀಡುಕಬ್ಬಿಣದ ಪೈಪು ತೆಗೆದರು. ಒಳಗೆ ಇಣುಕಿದೆ. ತುಕ್ಕು ಗಂಟುಗಂಟಾಗಿ ಕಟ್ಟಿಕೊಂಡು, ನೀರಿಗೆ ಎರಡು ಬೆರಳಿನಷ್ಟು ದಾರಿ ಉಳಿದಿತ್ತು.

ಬೆಂಗಳೂರಿಗೆ ಕಾವೇರಿ ಮೊದಲು ಬಂದಿದ್ದು 1974ರಲ್ಲಿ. 2024ರಲ್ಲಿ ಐದನೇ ಹಂತ ಬಂತು, ದಿನಕ್ಕೆ 77.5 ಕೋಟಿ ಲೀಟರ್. ಸುಮಾರು 100 ಕಿಲೋಮೀಟರ್ ದೂರದಿಂದ, ಮೂರು ಕಡೆ ಪಂಪ್ ಮಾಡಿ ಮೇಲಕ್ಕೆತ್ತಿ ತರುವ ನೀರು. ಅದು ಇಂಥ ಪೈಪಿನ ಜಾಯಿಂಟಲ್ಲಿ ಸೋರಿ ಹೋದರೆ ಹೊಟ್ಟೆ ಉರಿಯುತ್ತೆ.

ಹೊಸ ಯೋಜನೆ ಬೇಕೇ ಬೇಕು. ಆದರೆ ಯಾವ ಪೈಪು ಯಾವ ವರ್ಷದ್ದು, ಎಷ್ಟು ಸಲ ಒಡೆದಿದೆ, ಯಾವಾಗ ಬದಲಿಸಬೇಕು ಅಂತ ಬರೆದಿಡುವ ಕೆಲಸವೂ ಅಷ್ಟೇ ದೊಡ್ಡದು ಅಲ್ವಾ?

ನಮ್ಮ ಏರಿಯಾದಲ್ಲಿ ವಾಲ್ವ್ ತಿರುಗಿಸುವ ಅಣ್ಣನಿಗೆ ಅದೆಲ್ಲ ಬಾಯಿಪಾಠ. ಮುಂದಿನ ವರ್ಷ ಅವರು ರಿಟೈರ್ ಆಗುತ್ತಾರೆ.