‘ಸೀತಾಗ ಇದ್ದ ತಾಳ್ಮಿ ಈಗಿನವ್ರಿಗೆ ಯಾಕಿಲ್ರಿ?’ ಅನ್ನುವವರಿಗೆ ನನ್ನ ಉತ್ತರ

ನಾನು ಬಾಗಲಕೋಟೆ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಶ್ರಾವಣದಲ್ಲಿ ಸುತ್ತಲಿನ ಊರುಗಳಲ್ಲಿ ಪುರಾಣ ಹಚ್ಚಿದಾಗ ರಾಮಾಯಣ, ಭಾರತದ ಬಗ್ಗೆ ನಾಲ್ಕು ಮಾತು ಹೇಳಲು ಕರೆಯುತ್ತಾರೆ. ಮಾತು ಮುಗಿದು ಚಹಾ ಬರುವಷ್ಟರಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: “ಅಕ್ಕಾರ, ಸೀತಾ, ದ್ರೌಪದಿ ಎಷ್ಟ್ ತಾಳಿಕೊಂಡ್ರು ನೋಡ್ರಿ. ಈಗಿನ ಹುಡುಗ್ಯಾರಿಗೆ ಆ ತಾಳ್ಮಿ ಯಾಕಿಲ್ರಿ?”

ಕೇಳುವವರು ಕೆಟ್ಟವರಲ್ಲ. ಬಹಳ ಸಲ ಮಗಳ ಸಂಸಾರದ ಚಿಂತೆ ಹೊತ್ತ ತಂದೆ. ಕೆಲವು ಸಲ ಸೊಸೆಯ ಜೊತೆ ಹೊಂದಿಕೆಯಾಗದ ಅತ್ತೆ. ಒಂದೊಂದು ಸಲ ಹುಡುಗಿಯರೇ ಕೇಳುತ್ತಾರೆ, ತಮ್ಮಲ್ಲೇ ಏನೋ ಕೊರತೆ ಇದೆ ಅನ್ನುವ ಅಳುಕಿನಿಂದ. ಚಹಾ ಆರುವುದರೊಳಗೆ ಇದಕ್ಕೆ ಉತ್ತರ ಮುಗಿಯುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಸೀತೆ, ದ್ರೌಪದಿ, ಸಾವಿತ್ರಿ ಸುಮ್ನೆ ತಾಳಿಕೊಂಡು ಕೂತವರು ಅಂತ ಯಾರು ಹೇಳಿದರು? ಮೂಲ ಕಥೆಯಲ್ಲಿ ಅವರು ಮಾತಾಡುತ್ತಾರೆ. ಗಂಡನ ಎದುರು, ರಾಜನ ಎದುರು, ಯಮನ ಎದುರು ಕೂಡ ಮಾತಾಡುತ್ತಾರೆ. ಕೇಳಬೇಕಾದ್ದನ್ನು ಕೇಳುತ್ತಾರೆ.

ಸಭಾಪರ್ವವನ್ನೇ ನೋಡಿ. ಜೂಜಿನಲ್ಲಿ ಸೋತ ಧರ್ಮರಾಯ ಕೊನೆಗೆ ದ್ರೌಪದಿಯನ್ನೂ ಪಣಕ್ಕಿಟ್ಟು ಸೋತ. ಅವಳನ್ನು ಕರೆತರಲು ದುರ್ಯೋಧನ ಪ್ರಾತಿಕಾಮಿ ಅನ್ನುವ ಸೇವಕನನ್ನು ಕಳಿಸಿದ. ದ್ರೌಪದಿ ಅಳುತ್ತ ಹಿಂದೆ ಹೊರಡಲಿಲ್ಲ. ‘ಹೋಗಿ ಆ ಜೂಜುಗಾರನನ್ನು ಕೇಳಿ ಬಾ, ಅವನು ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ’ ಅಂದಳು. ತನ್ನನ್ನೇ ಸೋತು ದಾಸನಾದವನಿಗೆ ಹೆಂಡತಿಯನ್ನು ಪಣಕ್ಕಿಡುವ ಹಕ್ಕು ಎಲ್ಲಿಂದ ಬಂತು? ಇದು ನೇರ ಕಾನೂನಿನ ಪ್ರಶ್ನೆ. ಅವಳನ್ನು ತಲೆಗೂದಲು ಹಿಡಿದು ಎಳೆದು ತಂದ ಮೇಲೂ ಆ ಪ್ರಶ್ನೆ ಬಿಡಲಿಲ್ಲ. ತುಂಬಿದ ಸಭೆಯಲ್ಲಿ ಅದನ್ನೇ ಮತ್ತೆ ಕೇಳಿದಳು. ಧರ್ಮ ಸೂಕ್ಷ್ಮವಾದದ್ದು, ಉತ್ತರ ಹೇಳಲಾರೆ ಅಂದ ಭೀಷ್ಮ. ಅವಳ ಪರವಾಗಿ ಬಾಯಿ ಬಿಟ್ಟವನು ಕೌರವರಲ್ಲೇ ಒಬ್ಬ, ವಿಕರ್ಣ. ಅವನನ್ನು ಕರ್ಣ ಗದರಿಸಿದ.

ಈ ಭಾಗ ಓದುವಾಗ ನನಗೆ ಪ್ರತಿ ಸಲ ಮೈ ಜುಮ್ ಅನ್ನುತ್ತದೆ. ಆದರೆ ಇದಕ್ಕಿಂತ ಜಾಸ್ತಿ ನನ್ನನ್ನು ಹಿಡಿದು ನಿಲ್ಲಿಸುವುದು ಮುಂದಿನದು. ಧೃತರಾಷ್ಟ್ರ ಹೆದರಿ ವರ ಕೇಳು ಅಂದಾಗ ಅವಳು ಮೊದಲನೆಯ ವರದಲ್ಲಿ ಧರ್ಮರಾಯನ ಬಿಡುಗಡೆ ಕೇಳಿದಳು. ಎರಡನೆಯದರಲ್ಲಿ ಉಳಿದ ನಾಲ್ವರನ್ನು, ಅವರ ರಥ, ಆಯುಧಗಳ ಸಮೇತ ಬಿಡಿಸಿದಳು. ಮೂರನೆಯದನ್ನು ಕೇಳು ಅಂದರೆ ಬೇಡ ಅಂದಳು. ದುರಾಸೆ ಧರ್ಮವನ್ನು ಕೆಡಿಸುತ್ತದೆ, ನನ್ನ ಗಂಡಂದಿರು ಬಿಡುಗಡೆಯಾದರೆ ಉಳಿದದ್ದನ್ನು ತಾವೇ ಗಳಿಸಿಕೊಳ್ಳುತ್ತಾರೆ ಅನ್ನುವುದು ಅವಳ ಮಾತು. ಮುಳುಗುತ್ತಿದ್ದ ಪಾಂಡವರಿಗೆ ಇವಳೇ ದೋಣಿಯಾದಳು ಅಂತ ಕರ್ಣನೇ ಹೇಳಬೇಕಾಯಿತು. ಎಲ್ಲಿ ಕೇಳಬೇಕು, ಎಲ್ಲಿ ನಿಲ್ಲಬೇಕು, ಎರಡೂ ಗೊತ್ತಿದ್ದವಳು. ಮೌಲ್ಯ ಅಂತ ಭಾಷಣ ಮಾಡುತ್ತೇವಲ್ಲ, ಅದು ಇಲ್ಲಿದೆ.

ನಮ್ಮ ಮುಧೋಳದ ರನ್ನನಿಗೆ ಈ ದ್ರೌಪದಿ ಚೆನ್ನಾಗಿ ಗೊತ್ತಿದ್ದಳು. ಅವನ ಗದಾಯುದ್ಧ ಶುರುವಾಗುವುದೇ ಭೀಮನನ್ನು ದ್ರೌಪದಿ ಕೆಣಕುವುದರಿಂದ. ಬಳೆಗಾರರ ಮನೆಯಲ್ಲಿ ಹುಟ್ಟಿದ ಆ ಕವಿಗೆ ಆಸರೆಯಾದವಳೂ ಒಬ್ಬ ಹೆಣ್ಣುಮಗಳು, ಅತ್ತಿಮಬ್ಬೆ. ಪೊನ್ನನ ಶಾಂತಿಪುರಾಣ ಕಳೆದುಹೋಗಬಾರದು ಅಂತ 1000 ಪ್ರತಿ ಬರೆಸಿ ಹಂಚಿದಳು ಅನ್ನುತ್ತಾರಲ್ಲ, ಅವಳೇ.

ಈಗ ಸೀತೆಯ ವಿಷಯ. ತಾಳ್ಮೆಯ ಮಾತು ಬಂದರೆ ಎಲ್ಲರೂ ಮೊದಲು ತೆಗೆಯುವುದು ಅವಳ ಹೆಸರನ್ನೇ. ವಾಲ್ಮೀಕಿ ರಾಮಾಯಣದ ಅಯೋಧ್ಯಾಕಾಂಡದಲ್ಲಿ ರಾಮ ಅವಳನ್ನು ಬಿಟ್ಟು ಕಾಡಿಗೆ ಹೊರಟಾಗ ಅವಳು ಆಡುವ ಮಾತು ಎಷ್ಟು ಖಾರವಾಗಿದೆ ಗೊತ್ತಾ? ಗಂಡಸಿನ ರೂಪದ ಹೆಂಗಸನ್ನು ಅಳಿಯನಾಗಿ ತಂದುಕೊಂಡೆನಲ್ಲ ಅಂತ ನನ್ನಪ್ಪ ಅಂದುಕೊಂಡಾನು, ಅನ್ನುತ್ತಾಳೆ. ಕಾಡಿಗೆ ಅವಳನ್ನು ಯಾರೂ ಅಟ್ಟಲಿಲ್ಲ. ಅಲ್ಲಿಗೆ ಹೋಗುವ ನಿರ್ಧಾರ ಅವಳದೇ.

ಅರಣ್ಯಕಾಂಡದಲ್ಲಿ ಇನ್ನೊಂದು ಮಾತು ಬರುತ್ತದೆ. ಪುರಾಣದ ಕಟ್ಟೆಯ ಮೇಲೆ ಇದನ್ನು ಹೇಳಿದವರನ್ನು ನಾನು ಬಹಳ ಕಡಿಮೆ ಕಂಡಿದ್ದೇನೆ. ರಾಕ್ಷಸರನ್ನು ಕೊಲ್ಲುತ್ತೇನೆ ಅಂತ ರಾಮ ಋಷಿಗಳಿಗೆ ಮಾತು ಕೊಟ್ಟಿರುತ್ತಾನೆ. ದಾರಿಯಲ್ಲಿ ಸೀತೆ ಅವನನ್ನು ತಡೆಯುತ್ತಾಳೆ. ಆಸೆಯಿಂದ ಹುಟ್ಟುವ ಕೇಡು ಮೂರು: ಸುಳ್ಳು, ಪರಸ್ತ್ರೀ ಸಂಗ, ಹಗೆಯಿಲ್ಲದೆ ಮಾಡುವ ಹಿಂಸೆ. ಮೊದಲೆರಡು ನಿನ್ನಲ್ಲಿಲ್ಲ, ಮೂರನೆಯದು ಹತ್ತಿರ ಬರುತ್ತಿದೆ ಅನ್ನುತ್ತಾಳೆ. ಒಬ್ಬ ತಪಸ್ವಿಯ ಕಥೆಯನ್ನೂ ಹೇಳುತ್ತಾಳೆ. ಇಂದ್ರ ಅವನ ಹತ್ತಿರ ಒಂದು ಕತ್ತಿಯನ್ನು ಜೋಪಾನ ಮಾಡಲು ಕೊಟ್ಟು ಹೋಗುತ್ತಾನೆ. ಗೆಡ್ಡೆ, ಹಣ್ಣು ತರಲು ಹೋದರೂ ಅವನು ಅದನ್ನು ಬಿಡುವುದಿಲ್ಲ. ಹಿಡಿದೂ ಹಿಡಿದೂ ಕೊನೆಗೆ ತಪಸ್ಸು ಮರೆತು ಕ್ರೂರಿಯಾಗುತ್ತಾನೆ. ಆಯುಧ ಕೈಯಲ್ಲಿದ್ದರೆ ಮನಸ್ಸು ಬದಲಾಗುತ್ತದೆ, ಎಚ್ಚರ ಅನ್ನುವ ಮಾತು ಅದು. ರಾಮ ಅವಳಿಗೆ ಸಿಟ್ಟಾಗುವುದಿಲ್ಲ. ಕೊಟ್ಟ ಮಾತು ಮುರಿಯಲಾರೆ ಅಂತ ತನ್ನ ಕಾರಣ ಹೇಳುತ್ತಾನೆ. ಗಂಡ ಹೆಂಡಿರ ನಡುವೆ ಇಂಥ ಮಾತುಕತೆ ನಡೆದ ಮನೆಯನ್ನು ನಾವು ಆದರ್ಶ ಅನ್ನುತ್ತೇವೆ. ಆ ಮಾತುಕತೆಯನ್ನು ಮಾತ್ರ ಬಿಟ್ಟುಬಿಡುತ್ತೇವೆ.

ಯುದ್ಧ ಮುಗಿದ ಮೇಲೆ, ಅಶೋಕವನದಲ್ಲಿ ಅವಳನ್ನು ಕಾಡಿಸಿದ ರಾಕ್ಷಸಿಯರನ್ನು ಹೊಡೆದು ಹಾಕಲೇ ಅಂತ ಹನುಮಂತ ಕೇಳುತ್ತಾನೆ. ಬೇಡ, ಅವರು ರಾಜನ ಆಜ್ಞೆಯಂತೆ ನಡೆದ ದಾಸಿಯರು, ತಪ್ಪು ಮಾಡದವರು ಯಾರಿದ್ದಾರೆ ಅನ್ನುತ್ತಾಳೆ. ಕೈಯಲ್ಲಿ ಏನೂ ಇಲ್ಲದಾಗ ತಾಳಿಕೊಳ್ಳುವುದು ಒಂದು. ಸೇಡು ತೀರಿಸುವ ಬಲ ಎದುರಿಗೆ ಬಂದು ನಿಂತಾಗ ಬೇಡ ಅನ್ನುವುದು ಬೇರೆ. ಸೀತೆಯ ತಾಳ್ಮೆಯಲ್ಲಿ ನನಗೆ ದೊಡ್ಡದಾಗಿ ಕಾಣುವುದು ಈ ಎರಡನೆಯದು. ಅದೇ ಸೀತೆ ಉತ್ತರಕಾಂಡದಲ್ಲಿ ಇನ್ನೊಮ್ಮೆ ಶುದ್ಧಿ ಸಾಬೀತು ಮಾಡು ಅಂದಾಗ ಭೂಮಿಗೆ ಇಳಿದು ಹೋದಳು. ಅಯೋಧ್ಯೆಗೆ ಮರಳಲಿಲ್ಲ. ತಾಳಿಕೆಗೂ ಒಂದು ಕೊನೆ ಇದೆ ಅಂತ ಅವಳೇ ತೋರಿಸಿದಳು.

ಪಟ್ಟದಕಲ್ಲಿಗೆ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋದಾಗ ವಿರೂಪಾಕ್ಷ ಗುಡಿಯ ಒಳಗಿನ ಕಂಬಗಳ ಹತ್ತಿರ ನಿಲ್ಲಿಸುತ್ತೇನೆ. ಅಲ್ಲಿ ರಾಮಾಯಣ, ಭಾರತದ ಕಥೆಗಳನ್ನು ಪಟ್ಟಿ ಪಟ್ಟಿಯಾಗಿ ಕಡೆದಿದ್ದಾರೆ. ಸಣ್ಣ ಸಣ್ಣ ಆಕೃತಿ, ಗೇಣುದ್ದವೂ ಇಲ್ಲ. ಒಳಗೆ ಬೆಳಕು ಕಡಿಮೆ. ಸೀತೆಯನ್ನು ಒಯ್ಯುವ ರಾವಣ, ಅಡ್ಡ ಬರುವ ಜಟಾಯು ಕಾಣಬೇಕಾದರೆ ಕಣ್ಣು ಹೊಂದುವ ತನಕ ಕಾಯಬೇಕು. ಈ ಗುಡಿಯನ್ನು ಕಟ್ಟಿಸಿದವಳು ಚಾಲುಕ್ಯರ ರಾಣಿ ಲೋಕಮಹಾದೇವಿ, 8ನೇ ಶತಮಾನದಲ್ಲಿ, ಗಂಡ ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ. ಪಕ್ಕದ ಮಲ್ಲಿಕಾರ್ಜುನ ಗುಡಿ ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿಯದು. ಹುಡುಗಿಯರು ಇದನ್ನು ಕೇಳಿ ಕಂಬವನ್ನು ಇನ್ನೊಮ್ಮೆ ನೋಡುತ್ತಾರೆ.

ಸಾವಿತ್ರಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗಂಡನನ್ನು ತಾನೇ ಹುಡುಕಿ ಆರಿಸಿದವಳು. ಒಂದೇ ವರ್ಷದ ಆಯುಷ್ಯ ಅಂತ ನಾರದ ಹೇಳಿದರೂ ಅಪ್ಪನ ಎದುರು ಮಾತು ಬದಲಿಸಲಿಲ್ಲ. ಯಮನನ್ನು ಗೆದ್ದದ್ದು ಮಾತಿನಿಂದ. ಇಷ್ಟು ಸಾಕು.

ಇನ್ನೊಂದು ಪ್ರಸಂಗ ಹೇಳಲೇಬೇಕು. ನಮ್ಮ ಕಡೆ ಸತ್ಯಭಾಮೆ ಅಂದರೆ ಶ್ರೀಕೃಷ್ಣ ಪಾರಿಜಾತ ಬಯಲಾಟದ ಸತ್ಯಭಾಮೆ. ಆಟ ನೋಡಿ ಬೆಳೆದವರಿಗೆ ಅವಳ ಮುನಿಸು ಗೊತ್ತು. ಭಾರತದ ವನಪರ್ವದಲ್ಲಿ ಇದೇ ಸತ್ಯಭಾಮೆ ದ್ರೌಪದಿಯನ್ನು ಕೇಳುತ್ತಾಳೆ: ಐವರು ಗಂಡಂದಿರು ನಿನ್ನ ಮಾತು ಮೀರುವುದಿಲ್ಲವಲ್ಲ, ಅದಕ್ಕೇನು ಮಂತ್ರವೋ, ಮದ್ದೋ? ದ್ರೌಪದಿಯ ಉತ್ತರದಲ್ಲಿ ಮೊದಲು ಏಳುತ್ತೇನೆ, ಕೊನೆಗೆ ಮಲಗುತ್ತೇನೆ ಅನ್ನುವ ಮಾತು ಇದೆ. ಹಿರಿಯರು ಸೊಸೆಯಂದಿರಿಗೆ ಹೇಳುವುದು ಇದನ್ನೇ. ಅದೇ ಉತ್ತರದಲ್ಲಿ ಇನ್ನೊಂದು ಮಾತೂ ಇದೆ. ಪಾಂಡವರ ಬೊಕ್ಕಸದ ಜಮಾ ಖರ್ಚು ಪೂರ್ತಿ ಗೊತ್ತಿದ್ದದ್ದು ನನಗೊಬ್ಬಳಿಗೇ, ಅರಮನೆಯ ದಾಸಿಯರ ಹೆಸರು, ಊಟ, ಕೆಲಸ ಎಲ್ಲ ನನಗೆ ಗೊತ್ತಿತ್ತು ಅನ್ನುತ್ತಾಳೆ. ಬೊಕ್ಕಸದ ಲೆಕ್ಕ ಅವಳ ಕೈಯಲ್ಲಿತ್ತು! ಮೊದಲು ಏಳುವ ಕೆಲಸವನ್ನು ನಾವು ಹೆಣ್ಣುಮಕ್ಕಳಿಗೆ ಕೊಟ್ಟೆವು. ಲೆಕ್ಕದ ಪುಸ್ತಕ ಕೊಟ್ಟೆವಾ?

ಸ್ವಸಹಾಯ ಸಂಘಗಳು ಬಂದ ಮೇಲೆ ಹಳ್ಳಿಗಳಲ್ಲಿ ಇದು ಸ್ವಲ್ಪ ಬದಲಾಗಿದೆ. ಹೆಬ್ಬೆಟ್ಟು ಒತ್ತುತ್ತಿದ್ದ ಕೈಗಳು ಠರಾವು ಪುಸ್ತಕದಲ್ಲಿ ಸಹಿ ಮಾಡುತ್ತಿವೆ. ಯಾರು ಎಷ್ಟು ಸಾಲ ತೆಗೆದರು, ಎಷ್ಟು ಕಂತು ಉಳಿದಿದೆ ಅನ್ನುವುದು ಪುಸ್ತಕ ತೆರೆಯದೆಯೇ ಹೇಳುವ ಅವ್ವಂದಿರಿದ್ದಾರೆ. ಆದರೆ ಹೊಲದ ಮಾತು ಬಂದರೆ ಎಲ್ಲರ ಮುಖ ಬೇರೆಯಾಗುತ್ತದೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತವರಿನಲ್ಲಿ ವಾಟಣಿ, ಅಂದರೆ ಆಸ್ತಿ ಹಂಚಿಕೆ, ಆಯಿತು. ಅಣ್ಣ ಬಂದು, “ಒಂದು ಸಹಿ ಬೇಕವಾ ತಂಗಿ, ನಾಳೆ ಕಚೇರಿಗೆ ಬಾ” ಅಂದ. ಹಕ್ಕು ಬಿಟ್ಟುಕೊಡುವ ಪತ್ರ ಅದು. ನಮ್ಮ ಭಾಗದಲ್ಲಿ ಅಕ್ಕ ತಂಗಿಯರು ಸೀರೆ, ಅರಿಶಿನ ಕುಂಕುಮ ತೆಗೆದುಕೊಂಡು ಸಹಿ ಹಾಕಿ ಬರುವುದು ರೂಢಿ. ಇವಳು, “ಅಣ್ಣಾ, ಮೊದಲ ಉತಾರ ತೋರಸು, ಕಾಗದ ಓದತೀನಿ, ಆಮ್ಯಾಲ ಹೇಳತೀನಿ” ಅಂದಳು. ಉತಾರ ಅಂದರೆ ಹೊಲದ ಪಹಣಿ. ಜಗಳ ಆಡಲಿಲ್ಲ, ಓದುತ್ತೇನೆ ಅಂದಳು ಅಷ್ಟೇ. ಆ ವರ್ಷ ನಾಗರ ಪಂಚಮಿಗೆ ಕರೆಯಲು ತವರಿನಿಂದ ಯಾರೂ ಬರಲಿಲ್ಲ. ಉಂಡಿ, ಜೋಕಾಲಿ, ಅಣ್ಣ ಬಂದು ಕರೆದೊಯ್ಯುವುದು, ಇದೆಲ್ಲ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಏನು ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಅವಳು ಅದನ್ನೂ ತಡೆದುಕೊಂಡಳು. ಕೊನೆಗೆ ತನ್ನ ಪಾಲಿನಲ್ಲಿ ಅರ್ಧ ಇಟ್ಟುಕೊಂಡು ಅರ್ಧ ಅಣ್ಣನಿಗೆ ಬಿಟ್ಟಳು. ಅಷ್ಟು ಸಾಕು ಅಂತ ಅವಳೇ ತೀರ್ಮಾನಿಸಿದಳು. ಅಣ್ಣ ಈಗಲೂ ಮಾತಾಡುವುದು ಕಡಿಮೆ.

ಕಾನೂನು ಇಲ್ಲಿ ಸ್ಪಷ್ಟವಾಗಿದೆ. ಕರ್ನಾಟಕದಲ್ಲಿ 1994ರಿಂದ, ಆಗ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಪಾಲು ಸಿಕ್ಕಿತು. 2005ರ ಕೇಂದ್ರದ ತಿದ್ದುಪಡಿಯಿಂದ ಮದುವೆಯಾದವರಿಗೂ ಸಿಕ್ಕಿತು. ಈ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿರಲೇಬೇಕು ಅಂತಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪಾಲು ತೆಗೆದುಕೊಳ್ಳಬೇಕೋ ಬಿಡಬೇಕೋ, ಅದು ಆ ಹೆಣ್ಣುಮಗಳಿಗೆ ಬಿಟ್ಟದ್ದು. ಕೇಳುವ ಮೊದಲೇ ಕೆಟ್ಟವಳು ಅನ್ನಬೇಡಿ ಅನ್ನುವುದಷ್ಟೇ ನನ್ನ ಕೋರಿಕೆ.

“ಹಂಗಾದ್ರ ಎಲ್ಲಾ ಪುರಾಣ ಹೆಂಗಸರ ಪರವಾಗೇ ಐತೇನ್ರಿ?” ಅಂತ ಒಬ್ಬ ಹುಡುಗಿ ಕೇಳಿದ್ದಳು. ಇಲ್ಲ. ನಮ್ಮ ಪಕ್ಕದ ಸವದತ್ತಿಯ ಎಲ್ಲಮ್ಮನ ಕಥೆಯನ್ನೇ ತೆಗೆದುಕೊಳ್ಳಿ. ಎಲ್ಲಮ್ಮ ಅಂದರೆ ರೇಣುಕೆ, ದಿನಾ ಮರಳಿನ ಕೊಡ ಮಾಡಿ, ಹಾವಿನ ಸಿಂಬಿಯ ಮೇಲೆ ಹೊತ್ತು ನೀರು ತರುತ್ತಿದ್ದಳು. ಒಂದು ದಿನ ನೀರಾಟ ನೋಡಿ ಅರೆಗಳಿಗೆ ಮನಸ್ಸು ಅತ್ತ ಹೋಯಿತು. ಅಷ್ಟಕ್ಕೇ ಗಂಡ ಜಮದಗ್ನಿ ಮಕ್ಕಳಿಗೆ ತಾಯಿಯ ತಲೆ ಕಡಿ ಅಂದ. ಪರಶುರಾಮ ಕಡಿದ. ಆಮೇಲೆ ವರ ಕೇಳಿ ಬದುಕಿಸಿಕೊಂಡ. ಈ ಶಿಕ್ಷೆ ಸರಿ ಅಂತ ನಾನು ಯಾವ ವೇದಿಕೆಯ ಮೇಲೂ ಹೇಳಲಾರೆ. ಆದರೆ ಜನ ಯಾರ ಕಡೆ ನಿಂತರು ನೋಡಿ. ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಲಕ್ಷಗಟ್ಟಲೆ ಜನ ಚಕ್ಕಡಿ, ಟ್ರ್ಯಾಕ್ಟರ್ ಕಟ್ಟಿಕೊಂಡು ಉಧೋ ಉಧೋ ಅನ್ನುತ್ತ ಬರುವುದು ಶಿಕ್ಷೆ ಕೊಟ್ಟವನ ಹತ್ತಿರ ಅಲ್ಲ, ತಲೆ ಕಳೆದುಕೊಂಡ ಅವ್ವನ ಹತ್ತಿರ.

ಅದೇ ಅವ್ವನ ಹೆಸರಿನಲ್ಲಿ ಸಣ್ಣ ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಮಾಡಿದ್ದೂ ನಿಜ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ನೋವನ್ನು ಜಾಸ್ತಿ ಕಂಡ ಜಿಲ್ಲೆಗಳು. 1982ರಲ್ಲಿ ಇದನ್ನು ನಿಷೇಧಿಸುವ ಕಾನೂನು ಬಂತು. ಕಾನೂನಿನ ಜೊತೆ ಮನೆ ಮನೆಗೆ ಹೋದವರು, ತಾವೇ ದೇವದಾಸಿಯರಾಗಿದ್ದ ಹೆಂಗಸರು. ಬೆಳಗಾವಿ ಜಿಲ್ಲೆಯ ಸೀತವ್ವ ಜೋಡಟ್ಟಿ ಅವರಲ್ಲೊಬ್ಬರು. ಬಾಲ್ಯದಲ್ಲೇ ಮುತ್ತು ಕಟ್ಟಿಸಿಕೊಂಡವರು, ಇನ್ನೊಂದು ಮಗುವಿಗೆ ಹಾಗಾಗಬಾರದು ಅಂತ ದುಡಿದರು. 2018ರಲ್ಲಿ ಪದ್ಮಶ್ರೀ ಬಂತು. ತಾಳ್ಮೆಗೆ ಉದಾಹರಣೆ ಬೇಕೆಂದರೆ ಇವರಿಗಿಂತ ದೊಡ್ಡದು ನನ್ನ ಹತ್ತಿರ ಇಲ್ಲ. ಇವರು ತಾಳಿಕೊಂಡದ್ದು ಎಷ್ಟೋ ಅಷ್ಟೇ ಗಟ್ಟಿಯಾಗಿ ಬೇಡ ಅಂದರು.

ಕೊನೆಯದಾಗಿ, “ಹುಡುಗ್ಯಾರಿಗೆ ಜಗಳಾ ಆಡೋದು ಕಲಸ್ತೀರೇನ್ರಿ ಅಕ್ಕಾರ?” ಅನ್ನುವವರಿಗೆ. ಕಾಕತಿಯಲ್ಲಿ ಹುಟ್ಟಿದ ಚೆನ್ನಮ್ಮ ಕೂಡ ಮೊದಲು ಕತ್ತಿ ಹಿಡಿಯಲಿಲ್ಲ. ದತ್ತುಮಗನನ್ನು ಒಪ್ಪಿಕೊಳ್ಳಿ ಅಂತ ಮುಂಬಯಿಯ ಗವರ್ನರಿಗೆ ಪತ್ರ ಬರೆದು ಕೇಳಿದಳು. ಕೇಳಿದ್ದಕ್ಕೆ ನ್ಯಾಯ ಸಿಗದಿದ್ದಾಗ 1824ರ ಅಕ್ಟೋಬರಿನಲ್ಲಿ ಕಿತ್ತೂರಿನ ಕೋಟೆಯ ಮುಂದೆ ಯುದ್ಧವಾಯಿತು. ನಿಮ್ಮ ಮನೆಯ ಮಗಳು ಇನ್ನೂ ಪತ್ರ ಬರೆಯುವ ಹಂತದಲ್ಲಿದ್ದಾಳೆ. ಮುಂದೆ ಓದಲೇ, ಈಗಲೇ ಮದುವೆ ಬೇಡ ಅನ್ನಲೇ, ಅತ್ತೆಮನೆಯಲ್ಲಿ ಹೊಡೆತ ಬೀಳುತ್ತಿದೆ, ವಾಪಸ್ ಬರಲೇ ಅಂತ ನಿಮ್ಮನ್ನೇ ಕೇಳುತ್ತಿದ್ದಾಳೆ. ಸೀತೆಯ ಹೆಸರು ಹೇಳಿ ಅವಳ ಬಾಯಿ ಮುಚ್ಚಿಸಬೇಡಿ. ಕೂತು ಕೇಳಿ, ಉತ್ತರ ಕೊಡಿ.