ರಾಯಚೂರು ಸೀಮೆಯ ಓದುಗರಿಗೆ ಕೆಲವು ಕವನ ಸಂಕಲನ

ಹೊಸ ಕಾವ್ಯ ಓದಬೇಕು ಅನ್ನುವವರಿಗೆ ಮೊದಲು ಕೊಡುವ ಪುಸ್ತಕ ನಮ್ಮ ಜಿಲ್ಲೆಯವರೇ ಆದ ಆರಿಫ್ ರಾಜಾ ಅವರ ‘ಜಂಗಮ ಫಕೀರನ ಜೋಳಿಗೆ’. 2012ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ ಪಡೆದ ಸಂಕಲನ. ಹೆಸರಲ್ಲೇ ಜಂಗಮನೂ ಫಕೀರನೂ ಒಟ್ಟಿಗಿದ್ದಾರೆ. ಮೊಹರಂ ಪದ, ತತ್ವಪದ ಎರಡನ್ನೂ ಕೇಳಿ ಬೆಳೆದ ಕಿವಿಗೆ ಈ ಜೋಡಿ ಹೊಸದಲ್ಲ.

ಆಮೇಲೆ ಶಾಂತರಸರ ಗಜಲ್‌ಗಳು, ಅಂದರೆ ಎರಡೆರಡು ಸಾಲಿನ ದ್ವಿಪದಿಗಳಲ್ಲಿ ಕಟ್ಟುವ ಕವಿತೆಗಳು. ಇಲ್ಲಿ ಸ್ವಲ್ಪ ತಯಾರಿ ಬೇಕು. ‘ಮಳೆ ಬಂತು’, ‘ಬೆಳೆ ಬಂತು’ ಎಂದು ಸಾಲು ಮುಗಿದರೆ ಮತ್ತೆ ಮತ್ತೆ ಬರುವ ಕೊನೆಯ ಪದ ‘ಬಂತು’ ರದೀಫ್, ಅದರ ಹಿಂದಿನ ಮಳೆ-ಬೆಳೆ ಪ್ರಾಸವೇ ಕಾಫಿಯಾ. ಮೊದಲ ದ್ವಿಪದಿ ಮತ್ಲಾದಲ್ಲಿ ಎರಡೂ ಸಾಲಿಗೆ ಇವು ಬರಬೇಕು. ಮುಂದಿನ ಶೇರ್‌ಗಳಲ್ಲಿ, ಅಂದರೆ ದ್ವಿಪದಿಗಳಲ್ಲಿ, ಎರಡನೇ ಸಾಲಿಗೆ ಸಾಕು. ಪ್ರತಿ ಶೇರ್ ತನ್ನಷ್ಟಕ್ಕೆ ನಿಲ್ಲಬೇಕು. ಈಗ ಬರುವ ಎಷ್ಟೋ ಗಜಲ್‌ಗಳು ಸೋಲುವುದು ಇಲ್ಲೇ: ಕಾಫಿಯಾ ಬಿಟ್ಟು ರದೀಫ್ ಮಾತ್ರ ಅಂಟಿಸಿರುತ್ತಾರೆ, ಇಲ್ಲವೇ ಒಂದೇ ಮಾತನ್ನು ಐದು ಶೇರ್‌ಗೆ ಎಳೆದಿರುತ್ತಾರೆ. ಗಟ್ಟಿಯಾಗಿ ಓದಿದರೆ ತಕ್ಷಣ ಗೊತ್ತಾಗುತ್ತದೆ.

ಎಚ್.ಎಸ್. ಶಿವಪ್ರಕಾಶರ ‘ಮಬ್ಬಿನ ಹಾಗೆ ಕಣಿವೆಯಾಸಿ’ ವಚನ, ಸೂಫಿ ಕಾವ್ಯದ ರುಚಿ ಇರುವವರಿಗೆ.

ಕೆ.ವಿ. ತಿರುಮಲೇಶರ ‘ಅಕ್ಷಯ ಕಾವ್ಯ’ 2015ರ ಅಕಾಡೆಮಿ ಪ್ರಶಸ್ತಿ ಪಡೆದದ್ದು, ದೊಡ್ಡ ಪುಸ್ತಕ. ಕಥೆ ಹುಡುಕುತ್ತಾ ಹೋದವರು ಅರ್ಧಕ್ಕೇ ಬಿಡುತ್ತಾರೆ, ಏಕೆಂದರೆ ಅದರಲ್ಲಿ ಕಥೆಯ ಎಳೆ ಇಲ್ಲ. ಎಲ್ಲಿಂದಾದರೂ ತೆರೆದು ದಿನಕ್ಕೆ ನಾಲ್ಕೈದು ಪುಟ ಓದಿ.